ಮುಂದೆ ಕಾರು, ಹಿಂದೆ ಲಗೇಜ್ ಆಟೋ: ಸುಬಾರು ಬಾಹಾ ಜೊತೆ 13 ವರ್ಷ

ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಇಲ್ಲಿ ರಸ್ತೆಯೆಲ್ಲ ಏರು ಇಳಿಜಾರು, ಚಳಿಗಾಲದಲ್ಲಿ ಹಿಮ ಬೇರೆ. 2012ರಲ್ಲಿ 78 ಸಾವಿರ ಮೈಲಿ ಓಡಿದ್ದ 2005ರ ಬಾಹಾ ಕೊಂಡೆ. ಇದು ಸುಬಾರು ಕಂಪನಿಯ ಸಣ್ಣ ಪಿಕಪ್. ಟರ್ಬೊ ಇಲ್ಲದ 2.5 ಲೀಟರ್ ಎಂಜಿನ್, 165 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಎಳೆತ. ಈಗ ಮೀಟರ್ 1.63 ಲಕ್ಷ ಮೈಲಿ ತೋರಿಸುತ್ತಿದೆ. ಅಪ್ಪ ಊರಿಂದ ಬಂದಾಗ ಇದರ ಸುತ್ತ ಒಂದು ರೌಂಡ್ ಹಾಕಿ, "ಮುಂದೆ ಕಾರು, ಹಿಂದೆ ಲಗೇಜ್ ಆಟೋ. ಎರಡರಲ್ಲಿ ಯಾವುದಕ್ಕೋ ನೀನು ದುಡ್ಡು ಕೊಟ್ಟಿದ್ದು?" ಎಂದು ಕೇಳಿದ್ದರು.

ಎರಡಕ್ಕೂ ಕೊಟ್ಟಿದ್ದೆ. ಸುಬಾರುವಿನದೇ ಲೆಗಸಿ, ಔಟ್‌ಬ್ಯಾಕ್ ಕಾರುಗಳ ಬುಡದ ಮೇಲೆಯೇ ಇದನ್ನು ಕಟ್ಟಿದ್ದು. ಹಾಗಾಗಿ ಓಡಿಸುವಾಗ ಟ್ರಕ್ಕಿನ ಕುಲುಕಾಟ ಇಲ್ಲ. ಹಿಂದಿನ ತೊಟ್ಟಿ ಮಾತ್ರ ಚಿಕ್ಕದು, ಮೂರೂವರೆ ಅಡಿ ಉದ್ದ ಅಷ್ಟೇ. ಜಾಣತನ ಇರುವುದು ಅದರ ಮುಂದಿನ ಗೋಡೆಯಲ್ಲಿ. ಹಿಂದಿನ ಸೀಟು ಮಡಚಿ, ಗಾಜಿನ ಕೆಳಗಿರುವ ಪುಟ್ಟ ಬಾಗಿಲನ್ನು ಬೀಳಿಸಿದರೆ ತೊಟ್ಟಿ ಕಾರಿನೊಳಗೂ ಚಾಚಿಕೊಂಡು ಐದಡಿ ದಾಟುತ್ತದೆ. ಸೈಕಲ್, ಏಣಿ, ಎಂಟಡಿ ಮರದ ತುಂಡು, ಎಲ್ಲ ಹೀಗೇ ಬಂದಿವೆ. ಹಿಂದಿನ ಬಾಗಿಲು ಇಳಿಸಿಕೊಂಡು ಓಡಿಸುವಾಗಲೂ ಕಾಣಲಿ ಅಂತ ನಂಬರ್ ಪ್ಲೇಟನ್ನೂ ಮಡಚುವ ಹಾಗೆ ಮಾಡಿದ್ದಾರೆ. ಯಾರೋ ಕೂತು ಯೋಚನೆ ಮಾಡಿದ್ದಾರೆ, ಅಲ್ವಾ?

ನಮ್ಮ ಹಿತ್ತಲಿನ ಬದನೆ, ಹೀರೆಗೆ ಪ್ರತಿ ಮೇ ತಿಂಗಳಲ್ಲಿ ಗೊಬ್ಬರ ಬರುವುದು ಇದರಲ್ಲೇ. (ಒಂದು ಸಲ ಆ ಪುಟ್ಟ ಬಾಗಿಲು ತೆರೆದಿಟ್ಟೇ ಸಡಿಲ ಗೊಬ್ಬರ ತುಂಬಿಸಿದೆ. ಜೂನ್ ಮುಗಿಯುವ ತನಕ ಹೆಂಡತಿ ಈ ಗಾಡಿ ಹತ್ತಲಿಲ್ಲ.) ತೊಟ್ಟಿ ತಗ್ಗಿನಲ್ಲಿರುವುದು ಇನ್ನೊಂದು ಅನುಕೂಲ. ರಾಜ್ಯೋತ್ಸವದ ದಿನ ಬಿಸಿಬೇಳೆಬಾತಿನ ದೊಡ್ಡ ಪಾತ್ರೆಯನ್ನು ಇಬ್ಬರೇ ಎತ್ತಿ ಇಡಬಹುದು. ಈಗಿನ ದೊಡ್ಡ ಪಿಕಪ್‌ಗಳಲ್ಲಿ ಅದನ್ನು ಎದೆ ಮಟ್ಟಕ್ಕೆ ಎತ್ತಬೇಕು.

ಕೊರತೆಗಳಿಲ್ಲ ಅಂತಲ್ಲ. ನಾಲ್ಕಡಿ ಅಗಲದ ಪ್ಲೈವುಡ್ ಹಾಳೆ ಮಟ್ಟಸವಾಗಿ ಕೂರುವುದಿಲ್ಲ. ನಾಲ್ಕೇ ಸೀಟು. ನನಗೆ ಸಿಗುವ ಮೈಲೇಜು ಗ್ಯಾಲನ್ನಿಗೆ 22, ಅಂದರೆ ಲೀಟರಿಗೆ 9 ಕಿಲೋಮೀಟರ್ ಚಿಲ್ಲರೆ. ಬಿಡಿಭಾಗದ ಕಥೆ ವಿಚಿತ್ರ. ಮುಂದಿನ ಅರ್ಧಕ್ಕೆ ಆ ಕಾಲದ ಔಟ್‌ಬ್ಯಾಕಿನ ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ. ಹಿಂದಿನ ಅರ್ಧಕ್ಕೆ ಗುಜರಿಯೇ ಗತಿ. ರಿವರ್ಸ್ ಹೋಗುವಾಗ ಪಕ್ಕದ ಮನೆಯ ಅಂಚೆಪೆಟ್ಟಿಗೆಗೆ ಗುದ್ದಿ ಹಿಂದಿನ ಲೈಟು ಒಡೆದುಕೊಂಡೆ. ತಪ್ಪು ನನ್ನದೇ. ಅದರ ಜೋಡಿ ಹುಡುಕಲು ನಾಲ್ಕು ತಿಂಗಳು ಹಿಡಿಯಿತು.

ತಯಾರಿ ನಿಂತುಹೋದ ಈ ಗಾಡಿಯನ್ನು ಸುಬಾರು ಮತ್ತೆ ತರಬೇಕಾ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ಲೆಕ್ಕ ನೋಡಿದರೆ ಕಂಪನಿಗೆ ಧೈರ್ಯ ಬರುವುದು ಕಷ್ಟ. ವರ್ಷಕ್ಕೆ 24,000 ಹೋಗುತ್ತದೆ ಅಂದುಕೊಂಡಿದ್ದರು. 2002ರ ಜುಲೈಯಿಂದ 2006ರ ಏಪ್ರಿಲ್ ತನಕ, ಎಲ್ಲ ಸೇರಿ ಹೋಗಿದ್ದು ಸುಮಾರು 30,000. ಹಳದಿ ಮೈಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಸುತ್ತಿದ ಆ ರೂಪ ಎಲ್ಲರಿಗೂ ಹಿಡಿಸುವಂಥದ್ದಲ್ಲ ಬಿಡಿ. ಆದರೆ ಆಗ ಇಲ್ಲದ ಗಿರಾಕಿ ಈಗ ಇದ್ದಾನೆ. 2021ರಲ್ಲಿ ಫೋರ್ಡ್ ಮ್ಯಾವೆರಿಕ್, ಹ್ಯುಂಡೈ ಸಾಂಟಾ ಕ್ರೂಜ್ ಬಂದವು. ಎರಡೂ ಕಾರಿನ ಬುಡದವೇ. ಮ್ಯಾವೆರಿಕ್ ಹೈಬ್ರಿಡ್‌ಗೆ ಜನ ಸಾಲುಗಟ್ಟಿದರು. ಅದರ ಮೈಲೇಜು ಗ್ಯಾಲನ್ನಿಗೆ 37. ಗೆಳೆಯನ ಮ್ಯಾವೆರಿಕ್ ನಾನೂ ಓಡಿಸಿದ್ದೇನೆ. ಒಳ್ಳೆಯ ಗಾಡಿ. ಆದರೆ ನಾಲ್ಕೂವರೆ ಅಡಿ ತೊಟ್ಟಿಯ ಮುಂದೆ ಗೋಡೆಯೇ ಗೋಡೆ. ಒಳಗಿನ ಸೀಟೆಲ್ಲ ಖಾಲಿ, ನನ್ನ ಏಣಿ ಮಾತ್ರ ಹೊರಗೆ ನೇತಾಡುತ್ತಿತ್ತು.

ಹಾಗಾಗಿ ನನಗೆ ಬಾಹಾ ಎಂಬ ಹೆಸರೂ ಬೇಡ, ಆ ಹಳದಿಯೂ ಬೇಡ. ಆ ಪುಟ್ಟ ಬಾಗಿಲು ಬೇಕು, ತಗ್ಗಿನ ತೊಟ್ಟಿ ಬೇಕು, ಹೈಬ್ರಿಡ್ ಎಂಜಿನ್ ಬೇಕು. ತಯಾರಿ ಮಾತ್ರ ಅಮೆರಿಕದಲ್ಲೇ ಆಗಬೇಕು. ಇದಕ್ಕೆ ಕಾರಣ ಕೋಳಿ! 1960ರ ದಶಕದ ಶುರುವಿನಲ್ಲಿ ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರು. ಅದಕ್ಕೆ ಸೇಡು ಅಂತ ಅಮೆರಿಕ ಹೊರಗಿನಿಂದ ಬರುವ ಸಣ್ಣ ಟ್ರಕ್ಕುಗಳಿಗೆ ಶೇ. 25 ಸುಂಕ ಜಡಿಯಿತು. ಜಪಾನಿನಿಂದ ಬರುತ್ತಿದ್ದ ಸುಬಾರು ಬ್ರಾಟ್ ಪಿಕಪ್ಪಿಗೆ ತೊಟ್ಟಿಯಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ ಕೂರಿಸಿ, "ಇದು ಟ್ರಕ್ಕಲ್ಲ, ಪ್ಯಾಸೆಂಜರ್ ಗಾಡಿ" ಅಂತ ದಾಟಿಸುತ್ತಿದ್ದರು. ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ ಅವರ ರ‍್ಯಾಂಚಿನಲ್ಲೂ ಒಂದು ಬ್ರಾಟ್ ಇತ್ತು. ಬಾಹಾಗೆ ಆ ನಾಟಕ ಬೇಕಾಗಲಿಲ್ಲ. ಅದು ಹುಟ್ಟಿದ್ದೇ ಅಮೆರಿಕದ ಇಂಡಿಯಾನಾ ರಾಜ್ಯದ ಲಫಾಯೆಟ್‌ನಲ್ಲಿ. ಈಗ ಅದೇ ಕಾರ್ಖಾನೆಯಲ್ಲಿ ಸುಬಾರುವಿನ ಫಾರೆಸ್ಟರ್ ಕಾರು ತಯಾರಾಗುತ್ತಿದೆ. ಅದರ ಬುಡದ ಮೇಲೆ ಒಂದು ತೊಟ್ಟಿ ಕೂರಿಸಿದರೆ ಮೊದಲ ದಿನವೇ ನಾನು ಮುಂಗಡ ಕಟ್ಟುತ್ತೇನೆ.

ಅಲ್ಲಿಯವರೆಗೆ ಹಳೆಯದನ್ನೇ ಕೊಳ್ಳುವವರಿಗೆ ಒಂದೆರಡು ಮಾತು. ಟೈಮಿಂಗ್ ಬೆಲ್ಟ್ 1.05 ಲಕ್ಷ ಮೈಲಿಗೆ ಬದಲಾಗಿದೆಯಾ ಅಂತ ರಸೀದಿ ಕೇಳಿ. ಈ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಬ್ಲಾಕು, ಹೆಡ್ಡಿನ ನಡುವಿನ ಸೀಲು) ಸೋರಿಕೆ ಸುಬಾರು ಓಡಿಸುವವರಿಗೆಲ್ಲ ಗೊತ್ತಿರುವ ವಿಷಯ. ನಾನು ಸೋರುವ ಮೊದಲೇ, ಬೆಲ್ಟಿನ ಜೊತೆಗೇ ಬದಲಾಯಿಸಿಬಿಟ್ಟೆ. ರಸ್ತೆಗೆ ಉಪ್ಪು ಸುರಿಯುವ ಊರಿನ ಗಾಡಿಯಾದರೆ ತುಕ್ಕು ತಿಂದಿದೆಯಾ ಅಂತ ಹಿಂದಿನ ಚಕ್ರದ ಮೇಲಿನ ಕಮಾನನ್ನು ಬೆರಳಿನಿಂದ ತಟ್ಟಿ ನೋಡಿ. ಪುಟ್ಟ ಬಾಗಿಲಿನ ಸುತ್ತಲಿನ ರಬ್ಬರಿಗೆ ಒಂದು ಬಕೆಟ್ ನೀರು ಹೊಯ್ದು, ಒಳಗೆ ಸೀಟಿನ ಬೆನ್ನನ್ನು ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಚೌಕಾಸಿಯನ್ನು ಅಲ್ಲಿಂದಲೇ ಶುರು ಮಾಡಿ.