ಕೀಬೋರ್ಡ್ ನುಡಿಸಲಿ, ನಾವು ಹಾಡೋಣ: ಕೆಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ನನ್ನ ಬಳಿ ಇರುವುದು 61 ಮನೆಗಳ (ಒತ್ತುವ ಕೀಲಿಗಳ), ಭಾರತೀಯ ತಾಳಗಳೂ ಇರುವ ಮಧ್ಯಮ ಬೆಲೆಯ ಕೀಬೋರ್ಡ್. ಕಂಪನಿಯ ಹೆಸರು ಬೇಡ. ಈ ಬೆಲೆಗೆ ಸಿಗುವವುಗಳ ಗುಣದೋಷ ಹೆಚ್ಚುಕಡಿಮೆ ಒಂದೇ. ಕೊಂಡಿದ್ದು ನುಡಿಸುವುದಕ್ಕಿಂತ ಹಾಡುವುದಕ್ಕೆ. ರಾಯಚೂರಿನ ನಮ್ಮ ಬಡಾವಣೆಯ ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸುವವರು ಸಿಗುವುದೇ ಏಕಾದಶಿಗೊಮ್ಮೆ. ಉಳಿದ ದಿನ ಪಕ್ಕವಾದ್ಯವನ್ನು ಯಂತ್ರ ನೋಡಿಕೊಳ್ಳಲಿ ಎಂಬುದು ಲೆಕ್ಕ.

ಪೆನ್‌ಡ್ರೈವ್‌ನಲ್ಲಿ ಮಿಡಿ ಕಡತ ಹಾಕಿ ಗುಂಡಿ ಒತ್ತಿದರೆ ಹಾಡು ಶುರುವಾಗುತ್ತದೆ. ಮಿಡಿಯಲ್ಲಿ ಧ್ವನಿ ಇರುವುದಿಲ್ಲ. ಯಾವ ವಾದ್ಯ, ಯಾವ ಸ್ವರ, ಯಾವ ಕ್ಷಣ, ಎಷ್ಟು ಜೋರು ಎಂಬ ಸೂಚನೆ ಮಾತ್ರ ಇರುತ್ತದೆ. ನಾದವೆಲ್ಲ ಕೀಬೋರ್ಡ್‌ನದೇ. ಹಾಗಾಗಿ ಲಯ ತಗ್ಗಿಸಿದರೆ ಶ್ರುತಿ ಕೆಡುವುದಿಲ್ಲ, ಶ್ರುತಿ ಏರಿಸಿದರೆ ಲಯ ಓಡುವುದಿಲ್ಲ. ಮಂಡಳಿಗೆ ದೊಡ್ಡ ಉಪಕಾರವಾದದ್ದು ಇದೇ. ನಮ್ಮ ಗಂಡಸರು ಕರಿ ಒಂದರಲ್ಲಿ, ಅಂದರೆ ಮೊದಲ ಕರಿ ಮನೆಯನ್ನು ಷಡ್ಜ ಮಾಡಿಕೊಂಡು, ಹಾಡಿದರೆ ಹೆಂಗಸರಿಗೆ ಕರಿ ನಾಲ್ಕು ಬೇಕು. ಅದಕ್ಕಾಗಿ ಕರಿ-ಬಿಳಿ ಸೇರಿಸಿ ಏಳು ಮನೆ ಏರಿಸಿದರೆ ಬೇಸ್ ಗಿಟಾರ್ ದನಿ ತೆಳ್ಳಗಾಗಿ ಕೀರಲುತ್ತದೆ. ಐದು ಮನೆ ಇಳಿಸಿ ನೋಡಿ: ಸಿಗುವುದು ಅದೇ ಕರಿ ನಾಲ್ಕು, ವಾದ್ಯಗಳ ತೂಕವೂ ಉಳಿಯುತ್ತದೆ. ಮಿಡಿಯಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಸಾಲು, ಅದೇ ಚಾನೆಲ್; ತಾಳವಾದ್ಯಗಳಿಗೆ ಮೀಸಲಾದ 10ನೆಯ ಚಾನೆಲ್ ಈ ಏರಿಳಿತಕ್ಕೆ ಒಳಪಡದ ಕಾರಣ ತಬಲಾ, ಡೋಲಕ್ ಹಾಗೆಯೇ ಇರುತ್ತವೆ.

ತೊಡಕು ಹಾಡು ಹುಡುಕುವಲ್ಲಿದೆ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಬಾಳಿದ ಜಿಲ್ಲೆ ನಮ್ಮದು; ಅವರ ಪದಗಳಿಗೆ ಒಂದು ಒಳ್ಳೆಯ ಮಿಡಿ ನನಗೆ ಇಂದಿಗೂ ಸಿಕ್ಕಿಲ್ಲ. ದುಡ್ಡು ಕೊಟ್ಟು ತರಿಸಿದ ಭಾವಗೀತೆಗಳಲ್ಲಿ ಹಾಡುಗಾರನ ಸಾಲನ್ನು ಕೊಳಲು ಎದೆತಟ್ಟಿ ನುಡಿಸುತ್ತಿರುತ್ತದೆ. ಆ ಚಾನೆಲ್ ಮುಚ್ಚಿದರೆ ಹಾಡಲು ಜಾಗವಾಗುತ್ತದೆ, ನಿಜ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಗಮಕಗಳಿರಬೇಕಾದ ಕಡೆ ಸ್ವರಗಳು ಮೆಟ್ಟಿಲಿಳಿದಂತೆ ಬಿಡಿಬಿಡಿಯಾಗಿ ಬೀಳುತ್ತವೆ. ನಮ್ಮ ಜಿಲ್ಲೆಯ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಗಾಯನ ಕೇಳಿದ ಹಿರಿಯರ ಮುಂದೆ ಇದನ್ನು ಹಾಕಲು ಧೈರ್ಯ ಬೇಕು.

ಕೊನೆಗೆ ನೆಲೆ ನಿಂತದ್ದು ಸ್ವಂತ ಧ್ವನಿಮುದ್ರಣದಲ್ಲಿ. ಮೊದಲ ಸುತ್ತಿನಲ್ಲಿ ಎಂಟು ಮಾತ್ರೆಯ ಕೆಹರ್ವಾ ತಾಳ ಹಾಕಿ ಎಡಗೈಯಿಂದ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿಯುತ್ತೇನೆ. ಎರಡನೆಯ ಟ್ರ್ಯಾಕ್‌ನಲ್ಲಿ ಹಾರ್ಮೋನಿಯಂ ತುಣುಕುಗಳನ್ನು ತುಂಬುತ್ತೇನೆ. ಗಾಯನದ ಸಾಲನ್ನು ನುಡಿಸುವುದೇ ಇಲ್ಲ. ಮಿಶ್ರಛಾಪಿನ ಏಳು ಮಾತ್ರೆಗೆ ಒಳಗಿರುವ ಯಾವ ತಾಳವೂ ನನಗೆ ಒಪ್ಪಿಗೆಯಾಗಲಿಲ್ಲ, ತಬಲಾ ಬೋಲುಗಳನ್ನು ಮನೆಗಳ ಮೇಲೆ ಬೆರಳಿನಿಂದ ಬಡಿದೇ ಕೂರಿಸಿದೆ. ಒಂದು ಸಂಜೆಯ ಕೆಲಸ, ಆದರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಮೊಬೈಲ್‌ನ ಕರೋಕೆಯನ್ನು (ಗಾಯನವಿಲ್ಲದ ಹಾಡಿನ ಮುದ್ರಣ) ತಂತಿಯ ಮೂಲಕ ಕೀಬೋರ್ಡ್‌ನ ಸ್ಪೀಕರ್‌ಗೆ ಕೊಡಬಹುದು. ಆದರೆ ಶ್ರುತಿ ಬದಲಿಸುವ ಗುಂಡಿ ಅದರ ಮೇಲೆ ನಡೆಯದು. ಬ್ಲೂಟೂತ್ ಸ್ಪೀಕರ್‌ನಿಂದ ಬರುವ ಹಾಡಿನ ಜೊತೆ ಹಾಡುವುದಕ್ಕೆ ತೊಂದರೆಯಿಲ್ಲ. ಅದರ ಮೂಲಕವೇ ಕೀಬೋರ್ಡ್ ನುಡಿಸಹೊರಟರೆ ಬೆರಳು ಒಂದು ಕಡೆ, ನಾದ ಹಿಂದೆ.

ಇನ್ನೊಂದು ತಕರಾರು ಗಾಂಧಾರದ್ದು. ತಂಬೂರಿಗೆ ಕೂಡಿಸಿ ಹಾಡುವ ಶುದ್ಧ ಗಾಂಧಾರಕ್ಕಿಂತ ಕೀಬೋರ್ಡ್‌ನ ಗಾಂಧಾರ ಸುಮಾರು 14 ಸೆಂಟ್ (ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್) ಮೇಲಿರುತ್ತದೆ. ಭಜನೆಯ ಗದ್ದಲದಲ್ಲಿ ಗೊತ್ತಾಗದು; ಒಬ್ಬರೇ ವಿಳಂಬದಲ್ಲಿ ಹಾಡುವಾಗ ಚುಚ್ಚುತ್ತದೆ. ಆಗ ಕಾರ್ಡ್ ಬಿಟ್ಟು ಷಡ್ಜ-ಪಂಚಮಗಳ ತಂಬೂರಿಯನ್ನಷ್ಟೇ ಹಾಕಿಕೊಳ್ಳುತ್ತೇನೆ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇಷ್ಟು ಹತ್ತಿರವಿದ್ದೂ ಬೇಸಿಗೆಯಲ್ಲಿ ನಮ್ಮ ಓಣಿಯ ದೀಪ ಹೋಗುವುದು ಹೋಗುತ್ತದೆ, ಆದ್ದರಿಂದ ಸೆಲ್ ಹಾಕಿಯೇ ಇಡುತ್ತೇನೆ. ಧೂಳು ಒಳಗಿನ ರಬ್ಬರ್ ಕಾಂಟ್ಯಾಕ್ಟ್‌ಗೆ ಕೂತು ಎರಡು ಮನೆಗಳು ಮೆಲ್ಲಗೆ ಒತ್ತಿದರೂ ಕಿರುಚತೊಡಗಿದ್ದವು. ಬಿಚ್ಚಿ ಒರೆಸಿದ ಮೇಲೆ ಸರಿಹೋಯಿತು. ಈಗ ಸದಾ ಹಳೆಯ ಪಂಚೆ ಹೊದಿಸಿರುತ್ತೇನೆ.

ಬರೀ ಸಿನಿಮಾ ಹಾಡಿಗೆ ದನಿಗೂಡಿಸಬೇಕಾದವರಿಗೆ ಇಷ್ಟು ಖರ್ಚು ದಂಡ, ಮೊಬೈಲ್ ಸಾಕು. ಕೊಳ್ಳುವವರು ನಿಮ್ಮದೇ ಮಿಡಿ ಕಡತಗಳಿರುವ ಪೆನ್‌ಡ್ರೈವ್ ಅಂಗಡಿಗೆ ಒಯ್ಯಿರಿ. ಕನ್ನಡ ಅಕ್ಷರವನ್ನು ನನ್ನ ಕೀಬೋರ್ಡ್‌ನ ಪರದೆ ತೋರಿಸದು, ಕಡತದ ಹೆಸರು ಇಂಗ್ಲಿಷ್ ಲಿಪಿಯಲ್ಲಿರಲಿ. ಹೆಡ್‌ಫೋನ್ ಕಿಂಡಿಯಿಂದ ಆಂಪ್ಲಿಫೈಯರ್‌ಗೆ ತಂತಿ ಕೊಟ್ಟರೆ ಕೀಬೋರ್ಡ್‌ನ ಸ್ವಂತ ಸ್ಪೀಕರ್ ಮೌನವಾಗುತ್ತದೆ. ದೇವಸ್ಥಾನದಲ್ಲಿ ಹಾಡುವವರ ಕಡೆಗೆ ಮುಖ ಮಾಡಿದ ಇನ್ನೊಂದು ಸ್ಪೀಕರ್ ಬೇಕಾಗುತ್ತದೆ, ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.