ಕಾಯಿಲ್ ಕೆಡಿಸುವುದು ಸಿಹಿ: ಜೆನಿತ್ ಟ್ಯಾಂಕಿನ ದೀರ್ಘಕಾಲದ ಬಳಕೆಯ ಅನುಭವ

ಇ-ಸಿಗರೇಟಿನ ಅಟೊಮೈಸರ್, ಅಂದರೆ ದ್ರವವನ್ನು ಆವಿ ಮಾಡುವ ಭಾಗ, ಬೇಗ ಸುಟ್ಟುಹೋಯಿತು ಎನ್ನುವವರೆಲ್ಲ ಮೊದಲು ಬೈಯುವುದು ಅದರೊಳಗೆ ಕಾಯುವ ತಂತಿಯ ಸುರುಳಿಯನ್ನು, ಅಂದರೆ ಕಾಯಿಲ್ಲನ್ನು, ಮಾಡಿದವರನ್ನು. ನನ್ನ ಸಿಟ್ಟೆಲ್ಲ ಇರುವುದು ದ್ರವ ಮಾಡುವವರ ಮೇಲೆ. ಹಣ್ಣಿನ ರುಚಿ, ಕೇಕಿನ ರುಚಿ, ಮಿಠಾಯಿಯ ರುಚಿ ಎಂದು ಬಣ್ಣಬಣ್ಣದ ಚೀಟಿ ಅಂಟಿಸಿ, ಒಳಗೆ ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕ ಸುರಿದು ಮಾರುತ್ತಾರಲ್ಲ, ಆ ಸಿಹಿ ಒಂದು ಒಳ್ಳೆಯ ಕಾಯಿಲ್ಲನ್ನು ವಾರ ತುಂಬುವ ಮೊದಲೇ ಕಸದ ಬುಟ್ಟಿಗೆ ಕಳಿಸುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲವು ವರ್ಷಗಳಿಂದ ನಾನು ದಿನವೂ ಬಳಸುತ್ತಿರುವುದು ಇನ್ನೋಕಿನ್ ಕಂಪನಿಯ ಜೆನಿತ್ ಟ್ಯಾಂಕ್, ಅಂದರೆ ದ್ರವ ತುಂಬಿ ಕಾಯಿಲ್ ಕೂರಿಸುವ ಡಬ್ಬಿ. ಟ್ಯಾಂಕ್ ಅದೇ, ಬ್ಯಾಟರಿ ಅದೇ, 1.6 ಓಮ್ ಕಾಯಿಲ್ ಅದೇ, ಎಳೆಯುವ ಬಾಯಿಯೂ ಅದೇ. ದ್ರವ ಬದಲಾದಾಗ ಮಾತ್ರ ಕಾಯಿಲ್ಲಿನ ಆಯುಷ್ಯ ಬದಲಾಗಿದೆ. ಸಿಹಿ ಬೆರೆಸದ ದ್ರವದಲ್ಲಿ ತಿಂಗಳ ಹತ್ತಿರ ಬಾಳುವ ಕಾಯಿಲ್, ಮಿಠಾಯಿ ರುಚಿಯ ದ್ರವದಲ್ಲಿ ಐದಾರು ದಿನಕ್ಕೇ ಕರಿ ಹಿಡಿದು ಕೂರುತ್ತದೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಒಮ್ಮೆ ಬಳಸಿ ಎಸೆಯುವ ಇ-ಸಿಗರೇಟುಗಳ ಮಾರಾಟ ನಿಂತಿತು. ಅದಾದ ಮೇಲೆ ನನ್ನ ಪರಿಚಯದ ಕನ್ನಡಿಗರಲ್ಲಿ ಕೆಲವರು ದ್ರವ ತುಂಬಿಸಿ ಬಳಸುವ ಟ್ಯಾಂಕಿಗೆ ಬಂದರು. ಎಸೆಯುವ ಸಾಧನಕ್ಕೆ ಆರೈಕೆ ಎಂಬುದೇ ಇರಲಿಲ್ಲ. ಈಗ ಅದೇ ಅತಿಸಿಹಿ ದ್ರವವನ್ನು ಹುಡುಕಿ ತಂದು ಹೊಸ ಟ್ಯಾಂಕಿಗೆ ಸುರಿಯುತ್ತಾರೆ, ವಾರ ಕಳೆಯುವುದರೊಳಗೆ ಟ್ಯಾಂಕ್ ಸರಿಯಿಲ್ಲ ಎನ್ನುತ್ತಾರೆ. ಟ್ಯಾಂಕಿನದು ಯಾವ ತಪ್ಪೂ ಇಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಇದೆಲ್ಲ ಸಿಗರೇಟು ಬಿಡಲು ಇ-ಸಿಗರೇಟಿನ ಮೊರೆ ಹೊಕ್ಕ ವಯಸ್ಕರಿಗೆ ಮಾತ್ರ. ಇದು ಸಿಗರೇಟಿಗಿಂತ ಕಡಿಮೆ ಹಾನಿಕರವೇ ಹೊರತು ನಿರಪಾಯಕಾರಿಯಲ್ಲ, ಸಿಗರೇಟು ಸೇದದವರು ಇದನ್ನು ಮುಟ್ಟಬಾರದು ಎಂದೇ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುತ್ತದೆ. ಭಾರತದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ 2019ರ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಓದುವವರು ಇದನ್ನು ಕೊಳ್ಳುವ ಸಲಹೆ ಎಂದು ತೆಗೆದುಕೊಳ್ಳಬೇಡಿ.

ಸಿಹಿ ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಬೇಕಿದ್ದರೆ ಕೆಟ್ಟ ಕಾಯಿಲ್ಲನ್ನು ಎಸೆಯುವ ಮೊದಲು ಇಕ್ಕಳದಿಂದ ಬಿಡಿಸಿ ನೋಡಿ. ಹೊರಗಿನ ಲೋಹದ ಕವಚ ಕಳಚಿದರೆ ಒಳಗೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ತಂತಿಯ ಸುರುಳಿ, ಅದನ್ನು ಸುತ್ತುವರಿದ ಹತ್ತಿ. ಇಡೀ ಯಂತ್ರದ ಜೀವ ಅಷ್ಟೇ. ಟ್ಯಾಂಕಿನ ದ್ರವ ಕವಚದ ತೂತುಗಳಿಂದ ಹತ್ತಿಗೆ ಇಳಿಯುತ್ತದೆ, ಹತ್ತಿಯಿಂದ ತಂತಿಗೆ ಹೋಗುತ್ತದೆ, ತಂತಿ ಕಾದಾಗ ಆವಿಯಾಗುತ್ತದೆ. ದ್ರವದ ಮುಖ್ಯ ಭಾಗವಾದ ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು ಸುಮಾರು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ ಸುಮಾರು 290ರಲ್ಲಿ. ಎರಡೂ ಆವಿಯಾಗಿ ಹೊರಟುಹೋಗುತ್ತವೆ. ಸುಕ್ರಲೋಸ್ ಅವುಗಳ ಜೊತೆ ಹೋಗದೆ ತಂತಿಯ ಮೇಲೇ ಉಳಿದು, ಪ್ರತಿ ದಮ್ಮಿಗೂ ಮತ್ತಷ್ಟು ಕಾದು, ಕೊನೆಗೆ ಕರಕಲಾಗುತ್ತದೆ. ಮಿಠಾಯಿ ದ್ರವ ಕುಡಿದ ಕಾಯಿಲ್ಲಿನಲ್ಲಿ ತಂತಿ ಕಾಣುವುದೇ ಇಲ್ಲ. ಬೆಲ್ಲದ ಪಾಕ ತಳ ಹಿಡಿದ ಬಾಣಲೆಯ ಹಾಗೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ, ಅದಕ್ಕೆ ತಾಗಿದ ಹತ್ತಿ ಕಂದು ತಿರುಗಿ ಗಟ್ಟಿಯಾಗಿರುತ್ತದೆ. ಸಿಹಿ ಇಲ್ಲದ ಪುದೀನ ದ್ರವದಲ್ಲಿ ವಾರಗಟ್ಟಲೆ ದುಡಿದ ಕಾಯಿಲ್ಲನ್ನು ಪಕ್ಕದಲ್ಲಿಟ್ಟು ನೋಡಿ: ಹತ್ತಿ ಚಹಾದ ಬಣ್ಣಕ್ಕೆ ಬಂದಿರುತ್ತದೆ, ತಂತಿಯ ಸುತ್ತುಗಳು ಇನ್ನೂ ಒಂದೊಂದಾಗಿ ಕಾಣುತ್ತವೆ.

ಎಷ್ಟು ಸಿಹಿ ಬೆರೆಸಿದ್ದಾರೆ ಎಂಬ ಅಳತೆಯನ್ನು ನಾನು ಕೊಂಡ ಯಾವ ಬಾಟಲಿಯ ಮೇಲೂ ಕಂಡಿಲ್ಲ. ನಿಕೋಟಿನ್ ಎಷ್ಟು ಎಂಬುದು ದಪ್ಪ ಅಕ್ಷರದಲ್ಲಿ ಇರುತ್ತದೆ, ಇರಲೇಬೇಕು. ಕಾಯಿಲ್ ಕೆಡಿಸುವ ವಸ್ತುವಿನ ಅಳತೆ ಮಾತ್ರ ಇಲ್ಲ. ಆದ್ದರಿಂದ ಗುರುತು ಹಿಡಿಯುವುದನ್ನು ನಾವೇ ಕಲಿಯಬೇಕು. ದಮ್ಮು ಎಳೆದ ಮೇಲೆ ತುಟಿ ಸವರಿಕೊಂಡರೆ ಸಕ್ಕರೆಯ ಸವಿ ಉಳಿದಿದ್ದರೆ ಅದರಲ್ಲಿ ಸಿಹಿಕಾರಕ ಧಾರಾಳವಾಗಿದೆ. ಹೊಸ ದ್ರವ ತಂದಾಗ ಮೂರ್ನಾಲ್ಕು ದಿನ ಬಳಸಿ, ಬಾಯಿಗಿಡುವ ಕೊಳವೆ ತೆಗೆದು ಮೊಬೈಲಿನ ಬೆಳಕನ್ನು ಒಳಗೆ ಬಿಟ್ಟು ನೋಡುತ್ತೇನೆ. ಸುರುಳಿ ಆಗಲೇ ಕಪ್ಪಾಗಿದ್ದರೆ ಆ ಬಾಟಲಿಯನ್ನು ಮತ್ತೆ ಕೊಳ್ಳುವುದಿಲ್ಲ. ಹೀಗೆ ಸೋಸಿ ಸೋಸಿ ನನಗೆ ಉಳಿದಿರುವುದು ಒಂದು ತಂಬಾಕು ರುಚಿ, ಒಂದು ಪುದೀನ. ಎರಡರಲ್ಲೂ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಸಮಸಮ. ಗ್ಲಿಸರಿನ್ ನೂರಕ್ಕೆ ಎಪ್ಪತ್ತು ಇರುವ ಮಂದ ದ್ರವ ಈ ಕಾಯಿಲ್ಲಿನ ಸಣ್ಣ ತೂತುಗಳಲ್ಲಿ ಬೇಗ ಇಳಿಯುವುದಿಲ್ಲ. ಹತ್ತಿ ಬಾಯಾರಿದರೆ ಸುಡುವುದು ಖಂಡಿತ.

ಇಲ್ಲಿಯವರೆಗೆ ಕೋಪದ ಮಾತಾಯಿತು. ಇನ್ನು ಈ ಟ್ಯಾಂಕ್ ನನಗೆ ಕೊಟ್ಟ ಸುಖದ ಮಾತು. ಹೊಸ ಕಾಯಿಲ್ ಹಾಕುವ ಸಂಜೆ ನನಗೆ ಇಷ್ಟ. ಅಡುಗೆಮನೆಯ ಮೇಜಿನ ಮೇಲೆ ಕಾಗದದ ಒರೆಸು ಹಾಸಿ, ಟ್ಯಾಂಕಿನ ತಳ ಬಿಚ್ಚಿ, ಹಳೆಯ ಕಾಯಿಲ್ಲನ್ನು ಎಳೆದು ತೆಗೆಯುತ್ತೇನೆ. ಹೊಸದರ ಪಕ್ಕದ ತೂತುಗಳಲ್ಲಿ ಬಿಳಿ ಹತ್ತಿ ಕಾಣುತ್ತದೆ. ಬಾಟಲಿಯ ಮೂತಿಯಿಂದ ಒಂದೊಂದು ತೂತಿಗೂ ಒಂದೊಂದೇ ಹನಿ ಬಿಟ್ಟರೆ ಆ ಬಿಳುಪು ನಿಧಾನವಾಗಿ ನೆನೆದು ಅರೆಪಾರದರ್ಶಕವಾಗುತ್ತದೆ. ಅದನ್ನು ಕಣ್ಣಿಟ್ಟು ನೋಡಬೇಕು, ಅವಸರ ಮಾಡಬಾರದು. ನಡುವಿನ ಕೊಳವೆಗೆ ಒಂದೆರಡು ಹನಿ ಸಾಕು. ಹೆಚ್ಚಾದರೆ ಗುಳುಗುಳು ಸದ್ದಾಗಿ ದ್ರವ ಬಾಯಿಗೆ ಬರುತ್ತದೆ. ಕೂರಿಸಿ, ಟ್ಯಾಂಕ್ ತುಂಬಿಸಿ, ಗಾಳಿಯ ಕಿಂಡಿ ಮುಚ್ಚಿ, ಗುಂಡಿ ಒತ್ತದೆ ಎರಡು ಮೂರು ಸಲ ಮೆಲ್ಲಗೆ ಎಳೆಯುತ್ತೇನೆ. ಒಳಗೆ ಪುಟ್ಟ ಗುಳ್ಳೆಗಳು ಏಳುತ್ತವೆ, ಅಂದರೆ ಹತ್ತಿ ಕುಡಿಯುತ್ತಿದೆ. ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ಕಾಲು ಗಂಟೆ ಬೇರೆ ಕೆಲಸ. ಆ ಹೊತ್ತಿಗೆ ಸಾರಿಗೆ ಒಗ್ಗರಣೆ ಬಿದ್ದಿರುತ್ತದೆ.

ಈ ಕಾಲು ಗಂಟೆಯನ್ನು ಉಳಿಸಲು ಹೋದರೆ ಕಾಯಿಲ್ ಮೊದಲ ದಮ್ಮಿಗೇ ಹೋಗುತ್ತದೆ. ಒಣಹತ್ತಿ ಒಮ್ಮೆ ಸೀದರೆ ಆ ವಾಸನೆ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಹಾಗೆ ಅತಿಯಾಗಿ ಕಾದ ಕಾಯಿಲ್ಲಿನ ಆವಿಯಲ್ಲಿ ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ನಂಥ ಹಾನಿಕರ ಅನಿಲಗಳೂ ಹೆಚ್ಚುತ್ತವೆ. ಗಂಟಲಿಗೆ ಕಹಿಘಾಟು ಹೊಡೆದ ಕಾಯಿಲ್ಲನ್ನು ಇನ್ನೆರಡು ದಿನ ನೂಕೋಣ ಎಂದು ಜಿಪುಣತನ ಮಾಡಬೇಡಿ. ಬಾಳಿಕೆ ಹೆಚ್ಚಿಸುವುದು ಬೇರೆ, ಸತ್ತ ಕಾಯಿಲ್ಲನ್ನು ಸೇದುವುದು ಬೇರೆ.

ವಾಟಿನ ವಿಷಯದಲ್ಲಿ, ಅಂದರೆ ಬ್ಯಾಟರಿ ಕಾಯಿಲ್ಲಿಗೆ ಕೊಡುವ ಶಕ್ತಿಯ ವಿಷಯದಲ್ಲಿ, ಹೇಳುವುದು ಕಡಿಮೆ. ಕಾಯಿಲ್ಲಿನ ಮೇಲೇ ಎಷ್ಟರಿಂದ ಎಷ್ಟು ಎಂದು ಕೆತ್ತಿರುತ್ತಾರೆ, ನಾನು ಆ ಮಿತಿಯ ಕೆಳತುದಿಯ ಹತ್ತಿರವೇ ಇರುತ್ತೇನೆ. ಎರಡು ದಮ್ಮುಗಳ ನಡುವೆ ಅರ್ಧ ನಿಮಿಷ ಬಿಡುತ್ತೇನೆ, ಅಷ್ಟರಲ್ಲಿ ಹತ್ತಿ ಮತ್ತೆ ನೆನೆಯುತ್ತದೆ. ಸರಣಿಯಾಗಿ ಎಳೆಯುವವರಿಗೆ ಈ ಬಗೆಯ ಸಣ್ಣ ಕಾಯಿಲ್ ಹೇಳಿಮಾಡಿಸಿದ್ದಲ್ಲ. ಇಲ್ಲಿನ ನಿಯಮದ ಪ್ರಕಾರ ಟ್ಯಾಂಕಿನಲ್ಲಿ ಹಿಡಿಸುವುದೇ 2 ಮಿಲಿಲೀಟರ್. ಕಾಲು ಭಾಗ ಉಳಿದಾಗಲೇ ತುಂಬಿಸಿದರೆ ಕಾಯಿಲ್ಲಿನ ತೂತುಗಳು ದ್ರವದಿಂದ ಮೇಲೆ ಬರುವುದಿಲ್ಲ.

ಭಾನುವಾರ ಬೆಳಗ್ಗೆ ತೊಳೆಯುವ ಕೆಲಸ. ಕಾಯಿಲ್ಲನ್ನು ಬದಿಗಿಟ್ಟು ಗಾಜು, ಮುಚ್ಚಳ, ತಳ, ಬಾಯಿಕೊಳವೆ ಎಲ್ಲವನ್ನೂ ಬೆಚ್ಚಗಿನ ನೀರಿನ ಬಟ್ಟಲಿಗೆ ಹಾಕುತ್ತೇನೆ. ವಾರದ ರುಚಿಯೆಲ್ಲ ನೀರಿಗೆ ಬಿಟ್ಟು ಗಾಜು ಮತ್ತೆ ಫಳಫಳ ಎನ್ನುವುದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದೇ ಒಂದು ಸಂತೋಷ. ಪೂರ್ತಿ ಒಣಗುವವರೆಗೆ ಜೋಡಿಸುವುದಿಲ್ಲ. ರಬ್ಬರಿನ ಸಣ್ಣ ಉಂಗುರಗಳಿಗೆ ಬೆರಳ ತುದಿಯಿಂದ ಒಂದಿಷ್ಟು ಗ್ಲಿಸರಿನ್ ಸವರಿದರೆ ಅವು ಹರಿಯದೆ ಸಲೀಸಾಗಿ ಕೂರುತ್ತವೆ. ದ್ರವ ಸೋರುವ ತಕರಾರಿನಲ್ಲಿ ಬಹುಪಾಲು ಈ ಉಂಗುರಗಳದೇ. ಕೊನೆಗೆ ಟ್ಯಾಂಕ್ ಬ್ಯಾಟರಿಗೆ ತಿರುಗಿಸಿ ಕೂರಿಸುವ ಜಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸುತ್ತೇನೆ. ಅಲ್ಲಿ ದ್ರವ ನಿಂತರೆ ಯಂತ್ರ ಅಟೊಮೈಸರ್ ಇಲ್ಲವೆಂದೇ ತಿಳಿಯುತ್ತದೆ, ಜನ ಕಾಯಿಲ್ ಕೆಟ್ಟಿತೆಂದು ಹೊಸದು ಹಾಕುತ್ತಾರೆ. ಒಂದು ಎಚ್ಚರಿಕೆ: ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕೈಗೆ ತಾಗಿದರೆ ತಕ್ಷಣ ತೊಳೆಯಿರಿ, ಮಕ್ಕಳಿರುವ ಮನೆಯಲ್ಲಿ ಬಾಟಲಿ ಬೀಗದೊಳಗಿರಲಿ.

ಕಾಯಿಲ್ಲನ್ನೇ ತೊಳೆಯಬಹುದೇ ಎಂದು ಕೇಳುತ್ತಾರೆ. ಬಿಸಿನೀರಿನಲ್ಲಿ ನೆನೆಸಿಟ್ಟು, ಜಾಲಾಡಿ, ಒಂದು ಹಗಲು ಒಂದು ರಾತ್ರಿ ಒಣಗಿಸಿದರೆ ಕೆಲವು ದಿನ ಹೆಚ್ಚು ಬರುತ್ತದೆ, ಆದರೆ ರುಚಿ ಮಂಕು. ನೀರಿನ ಪಸೆ ಉಳಿದರೆ ಚಟಪಟ ಸಿಡಿಯುತ್ತದೆ. ನನ್ನ ಮಟ್ಟಿಗೆ ಆ ಶ್ರಮಕ್ಕೆ ತಕ್ಕ ಫಲವಿಲ್ಲ. ದ್ರವವಿಲ್ಲದೆ ತಂತಿ ಕೆಂಪಗೆ ಕಾಯಿಸಿ ಕರಿ ಉದುರಿಸುವ ಉಪಾಯವಂತೂ ಕಾರ್ಖಾನೆಯಲ್ಲಿ ಕಟ್ಟಿ ಬಂದ ಕಾಯಿಲ್ಲಿಗೆ ಸಲ್ಲುವುದೇ ಇಲ್ಲ. ಒಳಗಿನ ಹತ್ತಿ ಮೊದಲು ಸುಟ್ಟುಹೋಗುತ್ತದೆ. ಅದು ತಾವೇ ತಂತಿ ಸುತ್ತಿ ತಾವೇ ಹತ್ತಿ ತುಂಬುವವರ ವಿದ್ಯೆ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಮಾಡುತ್ತಾರೆ, ಅವರಿಗೆ ತಿಂಗಳ ಖರ್ಚು ಬರೀ ಒಂದು ಚಿಟಿಕೆ ಹತ್ತಿ. ದಿನಬಿಟ್ಟು ದಿನ ಅದರ ಜೊತೆ ಕೂರುವ ಬಿಡುವು ನನಗಿಲ್ಲ.

ಇಂಗ್ಲೆಂಡಿನ ಚಳಿ ಕಾಯಿಲ್ಲಿಗೂ ಚಳಿಯೇ. ಜನವರಿಯಲ್ಲಿ ಬಸ್ ನಿಲ್ದಾಣದಲ್ಲಿ ನಿಂತಾಗ ಗ್ಲಿಸರಿನ್ ಮಂದವಾಗಿ ಹತ್ತಿಗೆ ತಡವಾಗಿ ಇಳಿಯುತ್ತದೆ, ಅದಕ್ಕೇ ಅದನ್ನು ಕೋಟಿನ ಒಳಜೇಬಿನಲ್ಲಿ ಇಡುತ್ತೇನೆ. ವಿಮಾನದಲ್ಲಿ ಗಾಳಿಯ ಒತ್ತಡ ಇಳಿದಾಗ ತುಂಬಿದ ಟ್ಯಾಂಕ್ ಸೋರುತ್ತದೆ. ಯುರೋಪಿನೊಳಗೆ ಹೋಗುವಾಗ ಟ್ಯಾಂಕ್ ಖಾಲಿ, ಸಾಧನ ಕೈಚೀಲದಲ್ಲಿ. ಊರಿಗೆ ಹೊರಟಾಗ ಮಾತ್ರ ಎಲ್ಲವೂ ಲೀಡ್ಸ್‌ನಲ್ಲೇ ಉಳಿಯುತ್ತವೆ. ಧಾರವಾಡದಲ್ಲಿ ಔಷಧಿ ಅಂಗಡಿಯ ನಿಕೋಟಿನ್ ಗಮ್ ಸಾಕಾಗುತ್ತದೆ. ಹೊರಡುವ ಹಿಂದಿನ ದಿನ ಕಾಯಿಲ್ ತೆಗೆದು, ಟ್ಯಾಂಕ್ ತೊಳೆದು ಒಣಗಿಸಿ ಇಡುತ್ತೇನೆ, ಏಕೆಂದರೆ ವಾರಗಟ್ಟಲೆ ನಿಂತ ದ್ರವ ಗಾಳಿಗೆ ಕಂದಾಗಿ ರುಚಿ ಕೆಡುತ್ತದೆ.

ಸಿಹಿಯ ನಂತರ ನನ್ನನ್ನು ರೇಗಿಸಿದ್ದು ನಕಲಿ ಕಾಯಿಲ್. ಆನ್‌ಲೈನ್ ಮಾರಾಟಗಾರರೊಬ್ಬರಿಂದ ಅಗ್ಗಕ್ಕೆ ಬಂದ ಪೆಟ್ಟಿಗೆಯಲ್ಲಿ ಹತ್ತಿ ಸಡಿಲ, ಒಂದರ ಹಾಗೆ ಒಂದಿಲ್ಲ. ಹೊಸದಾಗಿ ಹಾಕಿದಾಗಲೇ ಸೋರಿದವು. ಪೆಟ್ಟಿಗೆಯ ಮೇಲಿನ ಕೆರೆದು ನೋಡುವ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದಾಗ ಅದು ಅವರದಲ್ಲ ಎಂದಿತು. ಹಣ ವಾಪಸು ಕೇಳಿದರೆ ಮಾರಾಟಗಾರರಿಂದ ಉತ್ತರವೇ ಬರಲಿಲ್ಲ. ಎರಡು ಪೌಂಡ್ ಹೆಚ್ಚಾದರೂ ಸರಿ, ಕಾಯಿಲ್ಲನ್ನು ಮುಖ ನೋಡಿ ಮಾತಾಡಬಹುದಾದ ಅಂಗಡಿಯಲ್ಲಿ ಕೊಳ್ಳಿ. ಸುಟ್ಟ ಕಾಯಿಲ್ಲುಗಳನ್ನೂ ಅಲ್ಲಿಗೇ ಕೊಡಿ. ಇ-ಸಿಗರೇಟು ಮಾರುವ ಅಂಗಡಿಗಳು ಹಳೆಯದನ್ನು ಮರುಬಳಕೆಗೆ ಹಿಂದಕ್ಕೆ ಪಡೆಯಬೇಕೆಂಬ ನಿಯಮ ಇಲ್ಲಿದೆ.

ಲೆಕ್ಕ ಹೀಗಿದೆ. ಐದು ಕಾಯಿಲ್ಲಿನ ಪೆಟ್ಟಿಗೆಗೆ ಹತ್ತು ಹನ್ನೊಂದು ಪೌಂಡ್ ಕೊಡುತ್ತೇನೆ, ಅದು ನಾಲ್ಕು ತಿಂಗಳಿಗೂ ಮೀರಿ ಬರುತ್ತದೆ. ಇಪ್ಪತ್ತು ಸಿಗರೇಟಿನ ಒಂದೇ ಪ್ಯಾಕ್ ಇಲ್ಲಿ ಹದಿನೈದು ಪೌಂಡ್ ದಾಟಿದೆ. 10 ಮಿಲಿಲೀಟರ್ ದ್ರವಕ್ಕೆ 2.20 ಪೌಂಡ್ ಹೊಸ ಸುಂಕವನ್ನು ಸರ್ಕಾರ 2026ರ ಅಕ್ಟೋಬರ್ 1ರಿಂದ ನಿಗದಿ ಮಾಡಿದೆ, ಅದಕ್ಕೆ ನನ್ನದು ಕಡಿಮೆ ವಾಟ್, ಕಡಿಮೆ ದ್ರವದ ದಾರಿ. ಕಪಾಟಿನಲ್ಲಿ ಎರಡು ಹೆಚ್ಚುವರಿ ಗಾಜುಗಳೂ ಒಂದು ಪೊಟ್ಟಣ ರಬ್ಬರ್ ಉಂಗುರಗಳೂ ಇವೆ. ಈ ಕಾಯಿಲ್ಲುಗಳು ಅಂಗಡಿಯಲ್ಲಿ ಸಿಗುತ್ತಿರುವವರೆಗೆ, ಅಥವಾ ನಾನು ಇದನ್ನೂ ಬಿಡುವವರೆಗೆ, ಬೇರೆ ಟ್ಯಾಂಕ್ ಕೊಳ್ಳುವುದಿಲ್ಲ.