ನಂದಿ ಹಾಲ್ಟ್ ದಾರಿಗೆ ಅಪ್ಪನ ಸೈಕಲ್ಲೇ ಸರಿ

ಚಿಕ್ಕಬಳ್ಳಾಪುರದ ಹತ್ತಿರದ ಪುಟ್ಟ ರೈಲು ಸ್ಟೇಷನ್ ನಂದಿ ಹಾಲ್ಟ್‌ಗೆ ಹೋಗೋಕೆ ಯಾವುದು ಸರಿ ಅಂತ ಗೇರ್ ಸೈಕಲ್, ಅಪ್ಪನ ಸೈಕಲ್, ನಡಿಗೆ ಮೂರನ್ನೂ ನೋಡಿದೆ. ಮೊದಲೇ ಹೇಳಿಬಿಡ್ತೀನಿ, ಗೆದ್ದಿದ್ದು ಅಪ್ಪನ ಕರಿ ಸೈಕಲ್. ಹದಿನೆಂಟು ಸಾವಿರ ಸುರಿದು ಬೆಂಗಳೂರಿಂದ ತಂದ ಗೇರ್ ಸೈಕಲ್ ಈಗ ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟ್ ಹೊದ್ದು ನಿಂತಿದೆ.

ದಾರಿ ಚಿಕ್ಕಬಳ್ಳಾಪುರದಿಂದ ನಂದಿ ಹಾಲ್ಟ್‌ವರೆಗೆ, ರೈಲು ಹಾದಿಯ ಆಸುಪಾಸಿನ ಮಣ್ಣು ರಸ್ತೆಗಳು. 1915ರಲ್ಲಿ ಇಲ್ಲಿಗೆ ಬಂದಿದ್ದು ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು. ತೊಂಬತ್ತರ ದಶಕದಲ್ಲಿ ಅದು ಹೋಗಿ ಬ್ರಾಡ್‌ಗೇಜ್, ಅಂದ್ರೆ ಅಗಲ ಹಳಿ, ಆಯ್ತು. ಪುಟ್ಟ ರೈಲಿನ ಕಾಲದ ಹೆಂಚಿನ ಸ್ಟೇಷನ್ ಮಾತ್ರ ನಂದಿ ಹಾಲ್ಟ್‌ನಲ್ಲಿ ಉಳಿದಿದೆ. ಹಳೇ ಕಟ್ಟಡಗಳನ್ನ ಉಳಿಸೋ ಇಂಟ್ಯಾಕ್ ಸಂಸ್ಥೆಯವರು ದುರಸ್ತಿ ಮಾಡಿಸಿ ಅದಕ್ಕೆ ಮತ್ತೆ ಕಳೆ ತಂದಿದ್ದಾರೆ. ಹಳಿ ಮೇಲೆ ರೈಲು ಓಡ್ತಾನೇ ಇರೋದ್ರಿಂದ ಹಳಿ ಮೇಲೆ ನಡೆಯೋ ಶೋಕಿ ಬೇಡ.

ಗೇರ್ ಸೈಕಲ್ ಹಗುರ, ನಿಜ. ಆದ್ರೆ ಬೇಲಿಗೆ ಅಂತ ಕಡಿದ ಬಳ್ಳಾರಿ ಜಾಲಿ ಈ ದಾರಿಯುದ್ದಕ್ಕೂ ಚೆಲ್ಲಿರುತ್ತೆ. ಮೂರನೇ ಸಲ ಹೋದಾಗ ಹಿಂದಿನ ಟೈರ್ ಪಂಕ್ಚರ್. ಪಂಕ್ಚರ್ ಏನು ದೊಡ್ಡದಲ್ಲ ಬಿಡಿ. ಅಂಗಡಿ ಹುಡುಗ ಟ್ಯೂಬನ್ನು ಬಾಂಡ್ಲಿ ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಉಜ್ಜಿ, ಹತ್ತೇ ನಿಮಿಷದಲ್ಲಿ ಪ್ಯಾಚ್ ಹಾಕಿದ. ತಕರಾರು ಶುರುವಾಗಿದ್ದು ಗಾಳಿ ತುಂಬಿಸೋವಾಗ. ಅವನ ಪಂಪಿನ ಬಾಯಿಗೂ ನನ್ನ ಟ್ಯೂಬಿಗೆ ಗಾಳಿ ಹೋಗೋ ಮೂತಿಗೂ, ಅಂದ್ರೆ ವಾಲ್‌ಗೂ, ತಾಳೆನೇ ಆಗ್ಲಿಲ್ಲ. “ಏನ್ ಸಾರ್ ಇದು, ರೀಫಿಲ್ ಇದ್ದಂಗಿದೆ” ಅಂತ ತುದಿ ಒತ್ತಿದ, ಇದ್ದ ಚೂರುಪಾರು ಗಾಳಿನೂ ಬುಸ್ಸಂತ ಹೋಯ್ತು. ಬಿಸಿಲಲ್ಲಿ ತಳ್ಳಿಕೊಂಡು ಮನೆಗೆ ಬಂದೆ.

ಆಮೇಲೆ ಗೊತ್ತಾಯ್ತು, ಅದು ಪ್ರೆಸ್ಟಾ ಅನ್ನೋ ತೆಳು ಮೂತಿಯ ವಾಲ್. ತುದಿಯ ಪುಟ್ಟ ನಟ್ ಸಡಿಲ ಮಾಡಿ, ಮೇಲೆ ಹಿತ್ತಾಳೆಯ ಅಡಾಪ್ಟರ್ ತಿರುಗಿಸಿದ್ರೆ ಮಾತ್ರ ಮಾಮೂಲಿ ಪಂಪ್ ಕೂರುತ್ತೆ. ಮಾರಿದವನು ಗೇರಿನ ಬಗ್ಗೆ ಅರ್ಧ ಗಂಟೆ ಕೊರೆದ, ಇದನ್ನ ಹೇಳ್ಲಿಲ್ಲ. ಕಡಲೆಕಾಳಿನಷ್ಟಿರೋ ಆ ಅಡಾಪ್ಟರ್ ತರಿಸಿದೆ, ಎರಡೇ ವಾರಕ್ಕೆ ಜೇಬಿಂದ ಎಲ್ಲೋ ಬಿತ್ತು. ಇನ್ನೊಂದು ತರಿಸಿದೆ. ಅಷ್ಟರಲ್ಲಿ ಅವಸರದಲ್ಲಿ ಪಂಪ್ ಎಳೆದು ವಾಲಿನ ಕಡ್ಡಿನೇ ಬಗ್ಗಿಸಿದ್ದೆ.

ಅಪ್ಪನ ಸೈಕಲ್ಲಿಗೆ ಬೇಕಾಗಿರೋದು ಬೆರಳುದ್ದ ರಬ್ಬರ್ ವಾಲ್‌ಟ್ಯೂಬ್. ಚಿಲ್ಲರೆ ಕಾಸಿನದು, ಯಾವ ಅಂಗಡಿಯಲ್ಲಾದ್ರೂ ಸಿಗುತ್ತೆ. ಇದಕ್ಕೂ ಮುಳ್ಳು ಚುಚ್ಚುತ್ತೆ, ಆದ್ರೆ ಟೈರ್ ದಪ್ಪ, ಎಷ್ಟೋ ಸಲ ಮುಳ್ಳು ಅರ್ಧಕ್ಕೇ ಮುರಿದು ನಿಲ್ಲುತ್ತೆ. ಏರು ಬಂದ್ರೆ ಇಳಿದು ತಳ್ಳೋದು, ಅದರಲ್ಲೇನು ಮರ್ಯಾದೆ ಹೋಗುತ್ತೆ? ಬ್ರೇಕ್ ಮಾತ್ರ ದೇವರೇ ಗತಿ.

ನಡಿಗೆ? ಕಣ್ಣಿಗೆ ಹಬ್ಬ ಅಂದ್ರೆ ಅದೇ. ದ್ರಾಕ್ಷಿ ಚಪ್ಪರದ ಕೆಳಗೆ ಹನಿ ತೊಟ್ಟಿಕ್ಕೋದು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಟಿವಿಎಸ್ ದಾರಿ ಕೇಳೋದು, ಇವೆಲ್ಲ ನಡೆಯೋವಾಗಲೇ ಕಂಡಿದ್ದು. ಆದ್ರೆ ನಿಂತು ನಿಂತು ಹೋಗೋ ನನ್ನಂಥವನಿಗೆ ಒಂದು ಕಡೆಗೇ ಎರಡು ಗಂಟೆ ಬೇಕು, ಭಾನುವಾರ ಹತ್ತಕ್ಕೆ ಮನೆಯಲ್ಲಿರಬೇಕು. ಅದಕ್ಕೇ ಸ್ಟೇಷನ್‌ವರೆಗೆ ಕರಿ ಸೈಕಲ್, ಅಲ್ಲಿಂದ ಭೋಗನಂದೀಶ್ವರನ ಗುಡಿಗೆ ಕಾಲ್ನಡಿಗೆ. ಒಂದೂವರೆ ಕಿಲೋಮೀಟರ್ ಅಷ್ಟೇ, ಕಲ್ಯಾಣಿ ಮೆಟ್ಟಿಲ ಮೇಲೆ ಐದು ನಿಮಿಷ ಕೂತು ವಾಪಸ್.

ಗೇರ್ ಸೈಕಲ್ ತನಗೆ ಬೇಕು ಅಂದಿದ್ದಾನೆ ಅಕ್ಕನ ಮಗ. ಅವನಿರೋದು ಬೆಂಗಳೂರಲ್ಲಿ, ಟಾರ್ ರಸ್ತೆ. ಎರಡನೇ ಅಡಾಪ್ಟರನ್ನ ದಾರ ಹಾಕಿ ಹ್ಯಾಂಡಲ್‌ಗೆ ಕಟ್ಟಿಟ್ಟಿದ್ದೀನಿ.